ಎಂಜಲು ಬಿಡದ ಮದುವೆ

ತಿಪಟೂರಿನಿಂದ ಹೊರಟದ್ದು

ನಮ್ಮ ತಿಪಟೂರಿನವರಿಗೆ ಅರಸೀಕೆರೆ ದಾಟಿದರೆ ಪರಸ್ಥಳ, ಹುಬ್ಬಳ್ಳಿ ದಾಟಿದರೆ ಪರದೇಶ. ಆ ಲೆಕ್ಕದಲ್ಲಿ ನಾನೂ ಪರದೇಶ ಕಂಡು ಬಂದವಳೇ. ವಿಮಾನ ಹತ್ತಲಿಲ್ಲ, ಸಮುದ್ರ ದಾಟಲಿಲ್ಲ. ಎಪ್ಪತ್ತಮೂರರ ಬೇಸಿಗೆಯಲ್ಲಿ ಮೀಟರ್ ಗೇಜ್ ರೈಲಿನ ಮರದ ಹಲಗೆಯ ಮೇಲೆ ಕೂತು, ಕಣ್ಣಿಗೆ ಕಲ್ಲಿದ್ದಲ ಪುಡಿ ತುಂಬಿಕೊಂಡು, ಸೊಲ್ಲಾಪುರಕ್ಕೆ ಹೋದೆ. ಹೋಗುವಾಗ ಡಬ್ಬಿಯೆಲ್ಲ ನಮ್ಮದೇ ನಗು. ಬರುವಾಗ ಯಾರೂ ಬಾಯಿ ಬಿಡಲಿಲ್ಲ.

ಹೋದದ್ದು ಮದುವೆಗೆ. ನನ್ನ ಅಕ್ಕನ ಮಗ ಮಹೇಶ ಬ್ಯಾಂಕಿನ ಗುಮಾಸ್ತ. ಸೊಲ್ಲಾಪುರಕ್ಕೆ ವರ್ಗವಾಗಿ ಹೋದವನು ಅಲ್ಲಿ ಕಾಳಿನ ವ್ಯಾಪಾರಿಗಳ ಮನೆಯ ಸುನಂದಾಳನ್ನು ಮೆಚ್ಚಿ ಕಾಗದ ಬರೆದ. ಕುಲ ಒಂದೇ, ಮನೆಮಾತೂ ಕನ್ನಡವೇ. “ಭಾಷೆ ಒಂದೇ ಆದ್ಮೇಲೆ ಇನ್ನೇನಮ್ಮ ಕಷ್ಟ?” ಎಂದು ನಮ್ಮ ಭಾವ ರುದ್ರಯ್ಯನವರು ಒಪ್ಪಿಗೆ ಕೊಟ್ಟರು. ಭಾವ ಕೊಬ್ಬರಿ ಮಂಡಿ ಇಟ್ಟವರು. ಭಾರಿ ಆಳು, ಭಾರಿ ಧ್ವನಿ. ಯಾರ ಮನೆಯ ಕಾರ್ಯವಾದರೂ ತಾವೇ ಪಂಚೆ ಎತ್ತಿ ಕಟ್ಟಿ ಬಡಿಸಲು ನಿಲ್ಲುತ್ತಿದ್ದರು. ಎಲೆ ತುಂಬಿಸುವುದೇ ಅವರಿಗೆ ಪ್ರೀತಿ ತೋರಿಸುವ ದಾರಿ. ನನ್ನ ಗಂಡ ತೀರಿಕೊಂಡಾಗ ಮೂರು ತಿಂಗಳು ನನಗೆ ಎದುರು ಕೂತು ಉಣ್ಣಿಸಿದವರು ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುವಾಗ ನೀವು ಅವರನ್ನು ಕೆಟ್ಟವರೆಂದು ತಿಳಿಯಬಾರದು.

ಹೆಣ್ಣಿನ ಕಡೆಯವರಿಗೆ ಭಾವ ಒಂದೇ ಷರತ್ತು ಹಾಕಿದ್ದರು. ಊಟದಲ್ಲಿ ನಮ್ಮ ಕಡೆಯದೂ ಒಂದು ಇರಬೇಕು, ಪೂರಿ ಸಾಗು. ಅದಕ್ಕೆಂದೇ ಅಡುಗೆಯ ನಂಜಪ್ಪನನ್ನೂ ಎರಡು ಮೂಟೆ ತೆಂಗಿನಕಾಯಿಯನ್ನೂ ರೈಲಿಗೆ ಹತ್ತಿಸಿದ್ದರು.

ಸೊಲ್ಲಾಪುರ

ಸ್ಟೇಷನ್ನಿಗೆ ಸುನಂದಾಳ ತಂದೆ ಈರಣ್ಣನವರು ಬಂದಿದ್ದರು. ಕೈ ಮುಗಿದು, “ಬರ್ರಿ ಬೀಗರ, ಬರ್ರಿ. ಬಾಯಾರ, ನೀವೂ ಬರ್ರಿ” ಎಂದರು. ನಾನು ದಂಗಾದೆ. ನನ್ನ ಬಾಯಿಯ ಕೀರ್ತಿ ಇಷ್ಟು ಬೇಗ ಇಲ್ಲಿಗೂ ಮುಟ್ಟಿತೆ? ಮಹೇಶ ನಕ್ಕು ನಕ್ಕು ಹೇಳಿದ, ಇಲ್ಲಿ ನನ್ನ ಹಾಗೆ ಶಾಲೆ ಕಲಿಸುವ ಹೆಂಗಸಿಗೆಲ್ಲ ಬಾಯಿ ಎನ್ನುತ್ತಾರಂತೆ, ಅದು ಮರಾಠಿಯವರ ಮರ್ಯಾದೆಯ ಮಾತು. ಅಕ್ಕ ಮಾತ್ರ, “ಹೆಸರು ಸರಿಯಾಗೇ ಇಟ್ಟಿದ್ದಾರೆ ಬಿಡು” ಎಂದಳು.

ಈರಣ್ಣನವರ ಕಾಳಿನ ಅಂಗಡಿಯ ಅಟ್ಟದ ಮೇಲೆ ಆ ದಿನ ಇಳಿದುಕೊಂಡೆವು. ಗಿರಣಿಗಳ ಭೋಂಗಾ ಊಳಿಡುವುದು, ಓಣಿಯ ಮನೆಮನೆಯಲ್ಲಿ ಮಗ್ಗ ಬಡಿಯುವುದು, ಇವುಗಳ ನಡುವೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಎನಿಸಿತು. ಮುಖ ತೊಳೆಯಲು ಕೊಟ್ಟದ್ದು ಒಂದೇ ತಂಬಿಗೆ ನೀರು. ಬಾಯಿ ಮುಕ್ಕಳಿಸಿ ಓಣಿಗೆ ಉಗುಳಲು ಬಗ್ಗಿದ್ದೆ. ಎದುರು ಮನೆಯ ಮುದುಕಿ ಕೂಗಿಕೊಂಡಳು: “ಚೆಲ್ಲಬ್ಯಾಡ್ರಿ ಬಾಯಾರ! ಬಕೀಟಿನಾಗ ಹಿಡೀರಿ, ಎಮ್ಮಿ ಕುಡಿತದ.” ನಾನು ಮುಕ್ಕಳಿಸಿದ ನೀರನ್ನು ಎಮ್ಮೆಗೆ ಕೊಟ್ಟು ಬಂದೆ. ಅದು ಕುಡಿಯಿತು.

ಎರಡು ವರ್ಷದಿಂದ ಮಳೆ ಕೈ ಕೊಟ್ಟ ಕಾಲ. ಮದುವೆ ಇದ್ದದ್ದು ಅಕ್ಕಲಕೋಟದ ಹಿರಿಯರ ಮನೆಯಲ್ಲಿ. ಮಾರನೆಯ ಬೆಳಿಗ್ಗೆ ಅಲ್ಲಿಯ ಬಸ್ಸು ಹಿಡಿಯಲು ಟಾಂಗಾದಲ್ಲಿ ಹೋಗುವಾಗ ಒಂದು ಮದುವೆಯ ಛತ್ರದ ಹಿಂದಿನಿಂದ ಹಾದೆವು. ಗೋಡೆಯ ಪಕ್ಕ ಮುತ್ತುಗದ ಎಲೆಯ ಪತ್ರಾವಳಿಗಳ ರಾಶಿ ಬಿದ್ದಿತ್ತು. ನಾಯಿಗಳು ದೂರ ನಿಂತಿದ್ದವು. ರಾಶಿಯ ಮೇಲೆ ಬಗ್ಗಿದ್ದವರು ಹೆಂಗಸರು. ಬರಗಾಲದ ಕಲ್ಲು ಒಡೆಯುವ ಕೆಲಸಕ್ಕೆ ಹೊರಟವರು, ಬುಟ್ಟಿ ಪಕ್ಕಕ್ಕಿಟ್ಟು, ಎಲೆಯಿಂದ ಎಲೆಗೆ ಅನ್ನ ಬಳಿದು ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಒಬ್ಬಳು ಒಂದು ಬುಂದಿ ಲಾಡು ಸಿಕ್ಕಿದ್ದನ್ನು ಉಫ್ ಎಂದು ಊದಿ, ಸೊಂಟದ ಮೇಲಿನ ಕೂಸಿನ ಬಾಯಿಗೆ ಇಟ್ಟಳು.

“ನಮ್ಮ ಅಪ್ಪಾರು ಹ್ವಾದ ವರ್ಷ ಇದನ್ನ ನೋಡ್ಯಾರ,” ಎಂದರು ಈರಣ್ಣ. “ಇದ ಜಾಗಾದಾಗ. ಅವತ್ತಿನಿಂದ ಹಟಾ ಹಿಡದಾರ. ನೀವು ನೋಡ್ತೀರಿ.”

ನಮ್ಮಲ್ಲೂ ಛತ್ರದ ಹಿಂದೆ ಎಲೆಯ ರಾಶಿ ಬೀಳುತ್ತದೆ. ಅಲ್ಲೂ ಜನ ಬರುತ್ತಾರೇನೋ. ನಾನು ಒಮ್ಮೆಯಾದರೂ ಛತ್ರದ ಹಿಂದಕ್ಕೆ ಹೋದವಳಲ್ಲ.

ಅಕ್ಕಲಕೋಟ: ತಾಟಿಲ್ಲದ ಬೀಗರು

ಸುನಂದಾಳ ಅಜ್ಜ ಗುರುಪಾದಪ್ಪನವರನ್ನು ಕಂಡಾಗ ನನಗೆ ಮೊದಲು ಅನಿಸಿದ್ದು, ಇವರು ಗಾಳಿಗೆ ಹಾರಿಹೋಗದೆ ಹೇಗೆ ಉಳಿದಿದ್ದಾರೆ ಎಂದು. ಒಣಗಿದ ಮೈ, ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ಎದೆಯ ಬೇನೆಯಂತೆ. ಹೊತ್ತಿಗೆ ಅರ್ಧ ರೊಟ್ಟಿಗಿಂತ ಹೆಚ್ಚು ಉಣ್ಣಕೂಡದು ಎಂದು ಸೊಲ್ಲಾಪುರದ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅವರ ಹೆಂಡತಿ ನೀಲವ್ವ ಮಾತ್ರ ಗಟ್ಟಿ ಹೆಂಗಸು. ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ ರಭಸಕ್ಕೆ ನನ್ನ ಕೈಗಡಿಯಾರದ ಪಟ್ಟಿ ಕಿತ್ತಿತು.

ಊಟಕ್ಕೆ ಕೂತಾಗ ನಮ್ಮ ಮೊದಲ ಅವಮಾನ ನಡೆಯಿತು. ಎಲ್ಲರ ಮುಂದೆಯೂ ತಾಟು, ತಂಬಿಗೆ. ನಮ್ಮ ಮುಂದೆ ಬರಿ ನೆಲ.

“ತಾಟ ತಂದಿಲ್ಲೇನ್ರಿ?” ಎಂದರು ನೀಲವ್ವ.

ಲಗ್ನಪತ್ರಿಕೆಯ ಕೊನೆಗೆ ಬರೆಸಿದ್ದರಂತೆ, ಬಂದವರು ತಮ್ಮ ತಮ್ಮ ತಾಟು ತಂಬಿಗೆ ತರಬೇಕು ಎಂದು. ಬರೆಸಿದ್ದು ಮರಾಠಿಯಲ್ಲಿ. ನಾವು ಅದನ್ನು ದೇವರ ಶ್ಲೋಕವೆಂದು ತಿಳಿದು ಕಣ್ಣಿಗೆ ಒತ್ತಿಕೊಂಡಿದ್ದೆವು. ಈಗ ಅಕ್ಕಪಕ್ಕದ ಮನೆಗಳಿಂದ ತಾಟುಗಳು ಬಂದವು, ಒಂದೊಂದರ ಮೇಲೂ ಕೊಟ್ಟವರ ಹೆಸರು ಕೊರೆದದ್ದು. ನನ್ನದರಲ್ಲಿ ಯಾವುದೋ ಕೂಸಿನ ಹೆಸರಿತ್ತು. ಭಾವನವರಿಗೆ ಬಂದದ್ದು ‘ಸೌ. ಕಮಲಾಬಾಯಿ’. “ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ಕಮಲಾಬಾಯಿನೇ ಆಗ್ತೀನಿ ಕೊಡಿ” ಎಂದು ಭಾವ ತಾಟು ಎಳೆದುಕೊಂಡರು. ಇಡೀ ಪಡಸಾಲೆ ನಕ್ಕಿತು.

ಬಡಿಸುವ ಬಗೆಯೂ ಬೇರೆ. ನಮ್ಮ ಹಾಗೆ ಒಂದೇ ಸಲಕ್ಕೆ ಗುಡ್ಡ ಹಾಕುವುದಿಲ್ಲ. ಚೂರು ಹಾಕುತ್ತಾರೆ, ಮತ್ತೆ ಬರುತ್ತಾರೆ, ಕೇಳುತ್ತಾರೆ. ಮೊದಲ ಸಾಲು ಕೂತ ಮೇಲೆಯೇ ಎರಡನೆಯ ಸಾಲಿಗೆ ಒಲೆಯ ಮೇಲೆ ಎಸರು ಇಡುವುದು, ಹಾಗಾಗಿ ಪಾತ್ರೆಯಲ್ಲೂ ಮಿಗುವುದಿಲ್ಲ. ಇವೆಲ್ಲ ಅಜ್ಜ ಕಟ್ಟಿದ ನಿಯಮಗಳು. ಉಂಡಾದ ಮೇಲೆ ನೋಡುತ್ತೇನೆ, ಅಜ್ಜ ಖಾಲಿ ತಾಟಿಗೆ ಗುಟುಕು ನೀರು ಹಾಕಿ, ಬೆರಳಿನಿಂದ ಸುತ್ತ ಬಳಿದು ತೊಳೆದು, ಆ ನೀರನ್ನು ಎತ್ತಿ ಕುಡಿದುಬಿಟ್ಟರು. ಪ್ರಸಾದವನ್ನು ಹಾಗೆ ಮಾಡುವುದನ್ನು ನಮ್ಮ ಮಠದಲ್ಲಿ ಕಂಡಿದ್ದೆ. ಮದುವೆಯ ಮನೆಯಲ್ಲಿ, ಬೀಗರ ಮುಂದೆ, ಹುಳಿಯ ನೀರನ್ನು?

“ಐವತ್ತು ವರ್ಷ ಆತು ನೋಡ್ರಿ ಬಾಯಾರ,” ನೀಲವ್ವ ಕಿವಿಯಲ್ಲಿ ಹೇಳಿದರು. “ನನ್ನ ತವರಮನ್ಯಾಗ ಮೊದಲ ಸಲ ಹಿಂಗ ಕುಡದಾಗ ನಮ್ಮವ್ವ ಅಳಿಯಗ ಹೊಟ್ಟಿಗೆ ಸಾಲಲಿಲ್ಲ ಅಂತ ಅತ್ತಳು.”

ಮದುವೆಯ ಹಿಂದಿನ ಸಂಜೆ

ಅಂಗಳದಲ್ಲಿ ಕಂಬಳಿ ಹಾಸಿ ಗಂಡಸರು ಕೂತಿದ್ದರು. ನಾನು ಗಂಡಸರ ಮಾತು ಕೇಳದೆ ಇರುವವಳಲ್ಲ, ಹತ್ತಿರವೇ ಅಕ್ಕಿ ಆರಿಸುತ್ತ ಕೂತೆ.

“ಯಜಮಾನ್ರೆ, ಒಂದ್ ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ,” ಎಂದರು ಭಾವ. “ಮದುವೆ ಮನೆ ಅಂದ್ಮೇಲೆ ಎಲೆ ಮೇಲೆ ಒಂಚೂರು ಮಿಗಬೇಕು ಕಣ್ರೀ. ಮಿಕ್ಕರೇನೇ ಸಮೃದ್ಧಿ.”

“ಮಿಕ್ಕಿದ್ದು ಎಲ್ಲಿ ಹೋಗ್ತದ್ರಿ ಬೀಗರ?”

“ದನ ತಿನ್ನುತ್ತೆ. ನಾಯಿ ತಿನ್ನುತ್ತೆ.”

“ಈ ವರ್ಷ ನಾಯಿ ಮೊದಲ ಬರಾಂಗಿಲ್ರಿ. ಮಂದಿ ಬರ್ತಾರ.”

ಅಜ್ಜ ಮೆಲ್ಲಗೆ ಹೇಳುತ್ತ ಹೋದರು. ಬಡವರಿಗೆ ಉಣ್ಣಲು ಕೊಡುವುದಾದರೆ ಕರೆದು ಪಂಗತಿಯಲ್ಲಿ ಕೂರಿಸಿ ಕೊಡಬೇಕು, ನಮ್ಮ ಎಂಜಲಿನಿಂದ ಆರಿಸಿಕೊಳ್ಳಲು ಬಿಡಬಾರದು. ಮೊಮ್ಮಗಳ ಮದುವೆಯಲ್ಲಿ ಕಲ್ಲಿನ ಕೆಲಸದವರಿಗೂ ಒಂದು ಸಾಲು ಕೂರಿಸುತ್ತೇನೆ, ಆದರೆ ಒಂದು ಅಗುಳು ತಿಪ್ಪೆಗೆ ಹೋಗಬಾರದು. ಊರಿನ ಉಳಿದ ವ್ಯಾಪಾರಿಗಳಿಗೆ ಇದನ್ನು ಎದುರೆದುರೇ ಹೇಳಿಬಿಟ್ಟಿದ್ದಾರಂತೆ. ಅವರು, ಮುದುಕ ಜಿಪುಣ, ಖರ್ಚಿಗೆ ಹೆದರಿ ಧರ್ಮ ಹೇಳುತ್ತಾನೆ ಎಂದು ಆಡಿಕೊಂಡರಂತೆ.

“ನಾಳಿ ಅವರೆಲ್ಲಾ ಉಣ್ಣಾಕ ಬರ್ತಾರ್ರಿ. ಉಣ್ಣಾಕಲ್ಲ, ನೋಡಾಕ. ಮೊದಲ ನನ್ನ ತಾಟ ನೋಡ್ತಾರ. ನನ್ನ ತಾಟಿನಾಗ ಒಂದು ತುತ್ತು ಉಳೀತಂದ್ರ ಮುಗೀತು. ಮುಂದಿನ ಲಗ್ನದಾಗ ಒಬ್ಬನೂ ತಾಟ ತರಾಂಗಿಲ್ಲ, ಮತ್ತ ಅದ ತಿಪ್ಪಿ, ಅದ ಮಂದಿ.”

ಭಾವನವರಿಗೆ ಗಂಭೀರ ಮಾತು ಬಹಳ ಹೊತ್ತು ಕೇಳಿ ಅಭ್ಯಾಸವಿಲ್ಲ. ಅಜ್ಜನ ಭುಜ ತಟ್ಟಿ, “ನಾಳೆ ನಿಮಗೆ ನಾನೇ ಬಡಿಸ್ತೀನಿ ಯಜಮಾನ್ರೆ. ನೋಡೇಬಿಡಾಣ ನಿಮ್ಮ ತಾಟು ಹೇಗೆ ಖಾಲಿ ಆಗುತ್ತೋ!” ಎಂದು ಗಹಗಹಿಸಿದರು. ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. ತಲೆ ಆಡಿಸಿ, “ಆಗ್ಲಿ” ಎಂದರು, ಅಷ್ಟೇ.

ಪಂಗತಿ

ತಾಳಿ ಕಟ್ಟಿ ಮುಗಿದಾಗ ಬಿಸಿಲು ನೆತ್ತಿಯ ಮೇಲೆ ಬಂದಿತ್ತು. ಗಂಡಸರ ಪಂಗತಿ ಅಂಗಳದ ಚಪ್ಪರದ ಕೆಳಗೆ ಕೂತಿತು. ನಾನು ಪಡಸಾಲೆಯ ಬಾಗಿಲಲ್ಲಿ ನಿಂತೆ. ಅಲ್ಲಿಂದ ಅಜ್ಜನ ತಾಟು ನೇರ ಕಾಣುತ್ತಿತ್ತು. ಅಕ್ಕ ಮದುಮಕ್ಕಳ ಜೊತೆ ಒಳಗಿದ್ದಳು. ನೀಲವ್ವ ಹಿತ್ತಲ ಒಲೆಯ ಮುಂದೆ ನಂಜಪ್ಪನ ಮಗ್ಗುಲಲ್ಲಿ ಕೂತು ಪೂರಿ ಒತ್ತುತ್ತಿದ್ದರು.

ಭಾವ ಪೂರಿಯ ಬುಟ್ಟಿ ಹಿಡಿದು ಬಂದವರೇ ಅಜ್ಜನ ತಾಟಿಗೆ ಎರಡು ಹಾಕಿದರು. ಅಜ್ಜ ಕೈ ಅಡ್ಡ ಹಿಡಿದು, “ಪುರಿ, ಪುರಿ” ಎಂದರು. ನಮ್ಮಲ್ಲಿ ಕೈ ಅಡ್ಡ ಹಿಡಿಯುವುದು ಬರಿ ಮರ್ಯಾದೆ. ಅದನ್ನು ನಂಬಿ ಮುಂದೆ ಹೋದರೆ ಬಡಿಸುವವನಿಗೆ ನಾಲ್ಕು ಊರು ಬೈಯುತ್ತದೆ. ಅದರ ಮೇಲೆ ಬಾಯಿಬಿಟ್ಟು ಪೂರಿ ಕೇಳುತ್ತಿದ್ದಾರಲ್ಲ! ಭಾವನ ಮುಖ ಅರಳಿತು. “ಅಂತೂ ನಮ್ಮ ಪೂರಿ ಹಿಡಿಸ್ತು!” ಎಂದು ಕೈಯ ಸಂದಿನಿಂದಲೇ ಇನ್ನೆರಡು ಜಾರಿಸಿದರು.

ಅಜ್ಜ ಅವರ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ ತಿನ್ನತೊಡಗಿದರು. ಭಾವ ಸಾಲು ಮುಗಿಸಿ ಮತ್ತೆ ಬಂದರು. ಮತ್ತೆ, “ಪುರಿ.” ಮತ್ತೆ ಪೂರಿ. ಪಕ್ಕದಲ್ಲಿ ಕೂತವರು, “ಬೀಗರು ಭಾರಿ ಆಗ್ರಹ ಮಾಡಾಕತ್ತಾರಲ್ಲೋ” ಎಂದು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ಬೀಗರಿಗೆ ಒತ್ತಾಯ ಮಾಡುವುದು ಅವರಲ್ಲೂ ಮದುವೆಯ ಆಟವೇ. ನಾನೂ ಬಾಗಿಲಲ್ಲಿ ನಿಂತು ನಕ್ಕೆ. ಹೊತ್ತಿಗೆ ಅರ್ಧ ರೊಟ್ಟಿಯ ಮುದುಕ ಪೂರಿಗೆ ಹೇಗೆ ಮರುಳಾದರು ನೋಡು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ನಗು ನಿಂತಿತು. ಬಂದ ವ್ಯಾಪಾರಿಗಳೆಲ್ಲ ಉಣ್ಣುವುದು ಬಿಟ್ಟು ಅಜ್ಜನ ತಾಟನ್ನೇ ನೋಡುತ್ತಿದ್ದರು. ಅಜ್ಜನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಒಂದೊಂದು ತುತ್ತನ್ನೂ ನೀರು ಕುಡಿದು ನೂಕುತ್ತಿದ್ದರು. ಈರಣ್ಣ ಬಂದು, “ಅಪ್ಪಾ, ಬಿಡ್ರಿ” ಎಂದು ಕೈ ಹಿಡಿದರು. ಅಜ್ಜ ಕೈ ಕೊಡವಿದರು. ಕೊನೆಯ ಚೂರೂ ಹೋಯಿತು. ತಾಟಿಗೆ ನೀರು ಹಾಕಿದರು, ಬಳಿದರು, ಎತ್ತಿ ಕುಡಿದರು. ತಾಟನ್ನು ಬೋರಲು ಮಾಡಿ ಎಲ್ಲರಿಗೂ ಕಾಣುವ ಹಾಗೆ ಹಿಡಿದು, ನಮ್ಮ ಭಾವನ ಕಡೆ ನೋಡಿ ಕೈ ಮುಗಿದರು.

ಆ ದಿನ ಅಷ್ಟೂ ಸಾಲಿನಲ್ಲಿ ಒಬ್ಬರೂ ತಾಟಿನಲ್ಲಿ ಏನೂ ಬಿಡಲಿಲ್ಲ. ಆಡಿಕೊಂಡಿದ್ದವರೂ ಬಳಿದು ಉಂಡರು. ಕಡೆಯ ಸಾಲಿನಲ್ಲಿ ಕಲ್ಲಿನ ಕೆಲಸದ ಹೆಂಗಸರು ಕೂತರು. ಅವರಿಗೂ ಬಿಸಿ ಪೂರಿ ಬಂತು. ಹಿತ್ತಲ ತಿಪ್ಪೆಗೆ ಬೂದಿಯನ್ನು ಬಿಟ್ಟರೆ ಏನೂ ಹೋಗಲಿಲ್ಲ. ಅಂಥ ಮದುವೆಯನ್ನು ನಾನು ಹಿಂದೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ವಳಸಂಗದ ರಸ್ತೆ

ಬಿಸಿಲು ಇಳಿಯುವ ಹೊತ್ತಿಗೆ ಅಜ್ಜ ಎದೆ ಹಿಡಿದುಕೊಂಡು ಮಲಗಿದರು. ಮೈ ತಣ್ಣಗಾಗಿ ಬೆವರುತ್ತಿತ್ತು. ಯಾರದೋ ಜೀಪು ತಂದು ಸೊಲ್ಲಾಪುರದ ಆಸ್ಪತ್ರೆಗೆ ಹೊರಟರು. ನೀಲವ್ವ ಒಬ್ಬರೇ ಹೆಂಗಸೆಂದು ನನ್ನನ್ನೂ ಹತ್ತಿಸಿಕೊಂಡರು. ಅಜ್ಜನ ತಲೆ ನೀಲವ್ವನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ.

ವಳಸಂಗದ ಹತ್ತಿರ ರಸ್ತೆ ಕಿತ್ತಿತ್ತು. ಜೀಪು ನಿಧಾನವಾಯಿತು. ಅಜ್ಜ ಕಣ್ಣು ತೆರೆದು ಮಗನನ್ನು ನೋಡಿದರು.

“ಬೀಗರು ಪರೀಕ್ಷಾ ಮಾಡಿದ್ರು, ಈರಣ್ಣಾ,” ಎಂದರು. “ನಾ ಬಿಡಲಿಲ್ಲ.”

ಮುಖದಲ್ಲಿ ಸಂತೋಷವಿತ್ತು, ನಿಜವಾಗಿ ಇತ್ತು. ಅದಾದ ಮೇಲೆ ಅವರು ಮಾತಾಡಲಿಲ್ಲ. ಆಸ್ಪತ್ರೆಯ ತನಕ ಹೋಗುವ ಅಗತ್ಯ ಬೀಳಲಿಲ್ಲ. ಅದೇ ರಸ್ತೆಯಲ್ಲಿ ಜೀಪನ್ನು ತಿರುಗಿಸಿಕೊಂಡು ಬಂದೆವು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾನು ಎಷ್ಟು ವರ್ಷದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಇಷ್ಟು ಚೆನ್ನಾಗಿ ಊಟ ಬಲ್ಲ ಮನುಷ್ಯನನ್ನು ನಾನು ಕಂಡಿರಲಿಲ್ಲ.

ಮರುದಿನ ಹೊಲದಲ್ಲಿ ಮಣ್ಣು ಮಾಡಿದರು. ಭಾವ ಹಿಡಿ ಮಣ್ಣು ಹಾಕಲು ಮುಂದೆ ಹೋದಾಗ ಈರಣ್ಣನ ತಮ್ಮ ಅಡ್ಡ ನಿಂತ. “ಹೊಟ್ಟಿ ತುಂಬಿಸಿದ್ರಲ್ಲ, ಸಾಕ್ರಿ,” ಎಂದ.

ಶಾಂತಾಬಾಯಿಯ ಮನೆ

ನಮ್ಮನ್ನು ಪಕ್ಕದ ಶಾಂತಾಬಾಯಿಯ ಮನೆಯಲ್ಲಿ ಇಳಿಸಿದ್ದರು. ಹೊಲದಿಂದ ಬಂದ ಮೇಲೆ ನಮ್ಮ ಕಡೆಗೆ ಬೀಗರ ಮನೆಯಿಂದ ಯಾರೂ ಬರಲಿಲ್ಲ. ಸಂಜೆಗೆ ಸುದ್ದಿ ಬಂತು. ಅಜ್ಜನನ್ನು ಹಟಕ್ಕೆ ಉಣ್ಣಿಸಿ ಕೊಂದವರ ಮನೆಗೆ ಕಾಲಿಡುವುದಿಲ್ಲ ಎಂದು ಸುನಂದಾ ಹೇಳಿದ್ದಾಳೆ. ಮಹೇಶ ಗೋಡೆಗೆ ಮುಖ ಹಾಕಿ ಕೂತ. ತಾಳಿ ಕಟ್ಟಿ ಒಂದು ದಿನವಾಗಿತ್ತು.

ಭಾವ ಒಂದೇ ಮಾತು ಹೇಳುತ್ತಿದ್ದರು. “ಅವರೇ ಕೇಳಿದ್ರಲ್ಲಮ್ಮ. ಪೂರಿ ಪೂರಿ ಅಂತ ಅವರೇ ಕೇಳಿದ್ರು. ನೀನೂ ಕೇಳಿಸ್ಕೊಂಡ್ಯಲ್ಲ?”

ಕೇಳಿಸಿಕೊಂಡಿದ್ದೆ.

ಶಾಂತಾಬಾಯಿ ನಮಗೂ ತನ್ನ ಗಂಡನಿಗೂ ಜೋಳದ ರೊಟ್ಟಿ ಬಡಿಸುತ್ತಿದ್ದಳು, ರೇಶನ್ನಿನ ಕೆಂಪು ಜೋಳದ್ದು. ಗಂಡನ ತಾಟಿಗೆ ಇನ್ನೊಂದು ಹಾಕಲು ಬಗ್ಗಿದಾಗ ಆತ ಕೈ ಅಡ್ಡ ಹಿಡಿದು, “ಪುರಿ, ಪುರಿ” ಎಂದ.

ಆ ಮನೆಯಲ್ಲಿ ಪೂರಿ ಇರಲಿಲ್ಲ. ಶಾಂತಾಬಾಯಿ ರೊಟ್ಟಿಯನ್ನು ವಾಪಸು ಬುಟ್ಟಿಗೆ ಹಾಕಿದಳು.

“ಏನಂದ್ರು ಇವರು?” ಭಾವ ಕೇಳಿದರು.

“ಪುರಿ ಅಂದ್ರು. ಸಾಕು ಅಂದಾಂಗ್ರಿ. ಮರಾಠಿ ಮಂದಿ ಪುರೆ ಅಂತಾರ, ನಾವು ಪುರಿ ಅಂತೀವಿ. ಯಾಕ್ರಿ?”

ಮನೆಯನ್ನು ಮನಿ ಎನ್ನುವ, ಶಾಲೆಯನ್ನು ಸಾಲಿ ಎನ್ನುವ ನಾಲಿಗೆಯಲ್ಲಿ ಪುರೆ ಪುರಿಯಾಗಿತ್ತು. ಅಜ್ಜ ಪ್ರತಿ ಸಲವೂ ಸಾಕು ಎಂದೇ ಹೇಳಿದ್ದರು. ಭಾವ ತಾಟಿನಲ್ಲಿದ್ದ ಕೈಯನ್ನು ಎತ್ತಲೇ ಇಲ್ಲ. ಅಷ್ಟು ದೊಡ್ಡ ಆಳು ಕೂತಲ್ಲೇ ಕುಸಿದ ಹಾಗೆ ಕಂಡರು. ನನಗೆ ಅಳು ಬಂತು. ಅಜ್ಜನಿಗಾಗಿಯೋ, ಭಾವನಿಗಾಗಿಯೋ, ಇಬ್ಬರಿಗಾಗಿಯೋ ತಿಳಿಯಲಿಲ್ಲ.

ನಾನು ಎದ್ದು ನೇರ ಈರಣ್ಣನ ಬಳಿ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿ, “ನಿಮ್ಮ ಮಾತೂ ಕನ್ನಡನ ಅಲ್ಲೇನ್ರಿ ಬಾಯಾರ?” ಎಂದರು. “ನಮ್ಮದೂ ಕನ್ನಡನ. ನಿಮ್ಮ ಭಾವ ನೋಡೇಬಿಡೋಣ ಅಂತ ಹಿಂದಿನ ದಿನಾನ ಎಲ್ಲಾರ ಮುಂದ ಅಂದಿದ್ರು. ಈಗ ಮಾತು ತಿಳೀಲಿಲ್ಲ ಅಂತ ನೆವಾ ಹೇಳಬ್ಯಾಡ್ರಿ.”

ಹಿತ್ತಲಿಗೆ ಹೋದೆ. ನೀಲವ್ವ ಒಲೆಯ ಮುಂದೆ ಸುಮ್ಮನೆ ಕೂತಿದ್ದರು, ಒಲೆ ಹಚ್ಚಿರಲಿಲ್ಲ. ಅವರಿಗೂ ಹೇಳಿದೆ. ‘ಪೂರಿ’ ಎಂದು ನಾವು ಕೇಳಿಸಿಕೊಂಡದ್ದನ್ನು ಹೇಳಿದಾಗ ಅವರು ಬೆಚ್ಚಿ ನನ್ನ ಮೊಣಕೈ ಹಿಡಿದರು. “ಹಾಂ? ಪುರಿ ಅಂದ್ರ ತಿನ್ನೂ ಪುರಿ ಅಂತ ತಿಳದ್ರಾ?” ಎಂದರು. ಬಾಯಿ ತೆರೆದೇ ಇತ್ತು. ಆಮೇಲೆ ಒಲೆಯ ತಣ್ಣನೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದರು. ಕೊನೆಗೆ, “ಪರೀಕ್ಷಾ ಇರಲಿಲ್ಲ ಹಂಗಾದ್ರ,” ಎಂದರು. “ಪಾಪ, ಗೆದ್ದೆ ಅಂದ್ಕೊಂಡು ಹ್ವಾದ್ರು.”

ಹೊರಡುವ ದಿನ

ಮಾರನೆಯ ಬೆಳಿಗ್ಗೆ ನಮಗೆ ಕರೆ ಬಂತು. ಪಡಸಾಲೆಯಲ್ಲಿ ಮನೆಯವರೆಲ್ಲ ನೆರೆದಿದ್ದರು. ಮಕ್ಕಳು, ಸೊಸೆಯರು, ಕಂಬಕ್ಕೆ ಒರಗಿ ಸುನಂದಾ. ನಾವು ಹೊಸ್ತಿಲ ಹತ್ತಿರವೇ ನಿಂತೆವು. ನೀಲವ್ವ ನಡುವೆ ಕೂತಿದ್ದರು.

“ಬೀಗರದ ತಪ್ಪಿಲ್ಲ,” ಎಂದರು. “ನಿಮ್ಮಪ್ಪ ಸಾಕು ಅಂದದ್ದು ಅವರಿಗೆ ಪುರಿ ಬೇಕು ಅಂದಾಂಗ ಕೇಳೇದ. ಬಾಯಾರು ಹೇಳಿದ್ದು ಖರೇ ಅದ.”

“ನಿನಗ ಹ್ಯಾಂಗ ಗೊತ್ತವ್ವಾ?” ಎಂದರು ಈರಣ್ಣ.

“ನಾ ಬಾಗಲದಾಗ ನಿಂತಿದ್ನಲ್ಲ. ನೋಡಾಕತ್ತಿದ್ದೆ. ನನಗ ಅಲ್ಲೇ ತಿಳೀತು, ಇವರು ತಪ್ಪು ಕೇಳ್ಯಾರಂತ.”

“ತಿಳದೂ ಹೇಳಲಿಲ್ಲೇನು?”

“ಹೇಳಲಿಲ್ಲ. ನಗು ಬಂತು ನನಗ. ಐವತ್ತು ವರ್ಷ ಆ ತಾಟಿನ ನೀರು ಕುಡಿಯೂದು ನೋಡಿ ನನಗ ಸಾಕಾಗಿತ್ತು. ಒಂದ ದಿನ ತಾಟಿನಾಗ ಬಿಡಲಿ, ಮಂದಿ ನೋಡಲಿ, ಹಟಾ ಮುರೀಲಿ ಅಂದೆ. ನಕ್ಕೋತ ನಿಂತೆ. ಅವರು ಬಿಡಲಿಲ್ಲ.”

ಈರಣ್ಣ ತಾಯಿಯ ಮುಖವನ್ನು ಹೊಸಬರ ಮುಖದ ಹಾಗೆ ನೋಡಿದರು. ಅವರ ತಮ್ಮ ಎದ್ದು ಹೊರಗೆ ಹೋದ, ಹೋಗುವಾಗ ತಾಯಿಯ ಮಗ್ಗುಲಲ್ಲಿದ್ದ ತಂಬಿಗೆಯನ್ನು ಒದ್ದುಕೊಂಡು ಹೋದ. ಸೊಸೆಯರು ಸೆರಗು ಎಳೆದುಕೊಂಡು ಒಬ್ಬೊಬ್ಬರಾಗಿ ಒಳಗೆ ಸರಿದರು. ತಾಯಿ ತನಗೇ ಹಚ್ಚಿಕೊಂಡ ಮಸಿಯನ್ನು ಸುಳ್ಳು ಎನ್ನುವವರು ಯಾರು? ಎಲ್ಲರೂ ನಂಬಿದರು.

ಆ ಬಾಗಿಲಲ್ಲಿ ನಿಂತವಳು ನಾನು. ನಕ್ಕವಳೂ ನಾನು. ಆ ಹೊತ್ತಿನಲ್ಲಿ ನೀಲವ್ವನ ಎರಡೂ ಕೈ ಹಿತ್ತಲಲ್ಲಿ ಹಿಟ್ಟಿನೊಳಗಿದ್ದವು. ಅದು ನನ್ನನ್ನೂ ನಂಜಪ್ಪನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ನಂಜಪ್ಪ ಪಾತ್ರೆ ಕಟ್ಟುತ್ತ ಅಂಗಳದಲ್ಲಿದ್ದ. ಬಾಯಿ ತೆರೆಯಲು ಹೋದೆ. ನೀಲವ್ವ ನನ್ನ ಕಡೆ ನೋಡಿದರು. ಆ ನೋಟದ ಮುಂದೆ ನಾನು ಶಾಲೆಯ ಮಗುವಿನ ಹಾಗೆ ಸುಮ್ಮನಾದೆ. ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದು ಒಂದೇ ಧೈರ್ಯದ ಮೇಲೆ. ಆ ಮನೆಯ ಮಕ್ಕಳು ಮೊಮ್ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಆಡುತ್ತಾರೆ, ಓದುವುದಿಲ್ಲ. ಸುನಂದಾ ಕೂಡ.

ಭಾವ ಹೋಗಿ ನೀಲವ್ವನ ಕಾಲಿಗೆ ಬಿದ್ದರು. ಸುನಂದಾ ಅಜ್ಜಿಯ ಹತ್ತಿರ ಸುಳಿಯಲಿಲ್ಲ. ಒಳಗೆ ಹೋಗಿ ತನ್ನ ಟ್ರಂಕು ತಂದು ಮಹೇಶನ ಪಕ್ಕದಲ್ಲಿ ಇಟ್ಟಳು.

ಬಸ್ಸಿಗೆ ಸಾಮಾನು ಹಾಕುವಾಗ ಮನೆಯ ಹೊರಗೆ ಯಾರೂ ನಿಂತಿರಲಿಲ್ಲ. ನಾನು ಏನೋ ಮರೆತವಳ ಹಾಗೆ ಹಿತ್ತಲಿಗೆ ಓಡಿದೆ. ನೀಲವ್ವ ಒಬ್ಬರೇ ಇದ್ದರು.

“ಯಾಕೆ ಹಾಗೆ ಹೇಳಿದ್ರಿ ಅಜ್ಜಿ?” ಎಂದೆ. “ನಿಮ್ಮ ಮಕ್ಕಳು ಇನ್ನು ನಿಮ್ಮನ್ನ...”

“ಸಿಟ್ಟು ಬಂದ ಮ್ಯಾಲ ಯಾರ ಮ್ಯಾಲರ ಕೂಡಬೇಕಲ್ಲ ಯವ್ವಾ,” ಎಂದರು. “ನಿಮ್ಮ ಭಾವನ ಮ್ಯಾಲ ಕೂತ್ರ ಅದು ನನ್ನ ಮೊಮ್ಮಗಳ ಜೋಡಿ ತಿಪಟೂರಿಗೆ ಬರ್ತದ. ಅಕಿ ಇನ್ನೂ ಭಾಳ ವರ್ಷ ಬಾಳುವಿ ಮಾಡಬೇಕು. ನನ್ನ ಮ್ಯಾಲ ಕೂತ್ರ ನಾ ಎಷ್ಟು ದಿನ?”

ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. “ಅಕಿ ಕೇಳಿದ್ರೂ ಹೇಳಬ್ಯಾಡ್ರಿ, ಬಾಯಾರ,” ಎಂದು ನೀಲವ್ವ ನನ್ನನ್ನು ಬಾಗಿಲಿನ ತನಕ ನೂಕಿದರು.

ಸುನಂದಾ ಇವತ್ತಿನವರೆಗೂ ಕೇಳಿಲ್ಲ. ಅಜ್ಜಿಗೆ ಒಂದು ಕಾಗದವನ್ನೂ ಬರೆದಿಲ್ಲ.